ಸ್ಟೋರಿವೀವರ್‌ನಲ್ಲಿ ಸಾವಿರಾರು ಕಥೆ, ನನ್ನ ನಲಿ-ಕಲಿ ಮಕ್ಕಳಿಗೆ ಯಾವುದು?

ಪ್ರಶ್ನೆ: ನಾನು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ನಲಿ-ಕಲಿ ನನ್ನದೇ. 27 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಾಂಡಾದಿಂದ ಬರುತ್ತಾರೆ, ಮನೆಯಲ್ಲಿ ಲಂಬಾಣಿ ಮಾತು. ಕ್ಲಸ್ಟರ್ ಸಭೆಯಲ್ಲಿ ಸ್ಟೋರಿವೀವರ್ ಅನ್ನೋ ಉಚಿತ ಕಥೆಗಳ ವೆಬ್‌ಸೈಟ್ ಬಗ್ಗೆ ಹೇಳಿದರು. ಮೂರು ರಾತ್ರಿ ಕೂತು ನೋಡಿದೆ. ಎಷ್ಟೊಂದು ಕಥೆ ಇವೆ ಅಂದರೆ ಯಾವುದನ್ನು ಆರಿಸಬೇಕು ಅಂತಲೇ ತಿಳಿಯಲಿಲ್ಲ. 'ಹಂತ 1' ಅಂತ ಇದ್ದ ಪುಸ್ತಕ ಕೊಟ್ಟರೆ ಎರಡನೇ ತರಗತಿ ಮಕ್ಕಳೂ ತಡವರಿಸಿದರು. ಶಾಲೆಯಲ್ಲಿ ನೆಟ್ ಇಲ್ಲ. ದಾನಿಗಳು ಕೊಟ್ಟ ಒಂದು ಟಿವಿ ಇದೆ, ಆದರೆ ಪೆನ್‌ಡ್ರೈವ್ ಹಾಕಿದರೆ ಪುಸ್ತಕ ತೆರೆಯುವುದೇ ಇಲ್ಲ. ಪ್ರಿಂಟ್ ಹಾಕಿದರೆ, ಕಥೆಯ ಮಾತು ಬದಲಿಸಿದರೆ ಕಾಪಿರೈಟ್ ತೊಂದರೆ ಆಗುತ್ತಾ? ಸ್ವಲ್ಪ ವಿವರವಾಗಿ ಹೇಳಿ.

ಉತ್ತರ: ಮೇಡಂ, ಮಕ್ಕಳು ತಡವರಿಸಿದ್ದು ನಿಮ್ಮ ತಪ್ಪಲ್ಲ, ಮಕ್ಕಳ ತಪ್ಪೂ ಅಲ್ಲ. ಆ 'ಹಂತ 1' ಅನ್ನುವುದನ್ನು ನಾವು ಬೇಕಾದ್ದಕ್ಕಿಂತ ಜಾಸ್ತಿ ನಂಬುತ್ತೇವೆ. ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ. ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ಸ್ಟೋರಿವೀವರ್‌ನಲ್ಲಿ ಪುಸ್ತಕಗಳಿಗೆ ನಾಲ್ಕು ಹಂತ. ಒಂದನೇದು ಹೆಚ್ಚುಕಡಿಮೆ 250 ಪದದೊಳಗೆ. ಎರಡನೇದು 600ರ ತನಕ, ಮೂರನೇದು 1500ರ ತನಕ, ನಾಲ್ಕನೇದು ಅದಕ್ಕಿಂತ ಉದ್ದ. ಕಥೆ ಎಷ್ಟು ಸರಳ, ಪದಗಳು ಮತ್ತೆ ಮತ್ತೆ ಬರುತ್ತವಾ ಅನ್ನುವುದನ್ನೂ ನೋಡುತ್ತಾರೆ, ಆದರೆ ಮುಖ್ಯ ಅಳತೆ ಪದಗಳ ಲೆಕ್ಕ. ಕನ್ನಡಕ್ಕೆ ಈ ಲೆಕ್ಕ ಅಷ್ಟು ಸರಿಹೊಂದುವುದಿಲ್ಲ. 'ಹೋಗಬೇಕಾಗಿತ್ತಂತೆ' ಅನ್ನುವುದನ್ನು ತೆಗೆದುಕೊಳ್ಳಿ. ಲೆಕ್ಕಕ್ಕೆ ಒಂದೇ ಪದ. ಇಂಗ್ಲಿಷಿನಲ್ಲಿ ಇಷ್ಟನ್ನೇ ಹೇಳಲು ಐದಾರು ಪುಟ್ಟ ಪದ ಬೇಕು. ನಮ್ಮ ಮಗುವಿಗೆ ಇದು ಏಳು ಅಕ್ಷರದ ಒಂದು ಗುಡ್ಡ. ಐದು ಅಕ್ಷರದಲ್ಲಿ ಗುಣಿತ, ಒಂದರಲ್ಲಿ ಒತ್ತು ಮತ್ತು ಸೊನ್ನೆ ಎರಡೂ. ಗುಡ್ಡದ ಕೊನೆ ಮುಟ್ಟುವಷ್ಟರಲ್ಲಿ ಶುರು ಎಲ್ಲಿಂದ ಮಾಡಿದೆ ಅನ್ನುವುದೇ ಮರೆತಿರುತ್ತದೆ.

ನಲಿ-ಕಲಿಯಲ್ಲಿ ನಮ್ಮ ದಾರಿಯೇ ಬೇರೆ ಅಲ್ವಾ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಅ ಆ ಇ ಈ ಅಂತ ವರ್ಣಮಾಲೆಯ ಸಾಲಿನಲ್ಲಿ ಹೋಗುವುದಿಲ್ಲ. ರ ಗ ಸ ದ ಅ ಅಂತ ಹಿಡಿಯುತ್ತೇವೆ. ಆಮೇಲೆ ಜ ವ ಮ ಬ ನ. ಐದೇ ಅಕ್ಷರ ಬಂದರೂ 'ಸರ', 'ಅರಸ', 'ರಸ' ಅಂತ ಮಗು ಪದ ಓದಲಿ ಅಂತ. ಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ಈ ಏಣಿ ಸ್ಟೋರಿವೀವರ್‌ನವರಿಗೆ ಗೊತ್ತಿರಬೇಕಿಲ್ಲ. 300ಕ್ಕೂ ಹೆಚ್ಚು ಭಾಷೆಯ ಪುಸ್ತಕ ಇಟ್ಟುಕೊಂಡವರು ಒಂದೊಂದು ಲಿಪಿಗೂ ಒಂದೊಂದು ಅಳತೆಗೋಲು ಇಟ್ಟುಕೊಂಡು ಕೂರಲು ಆಗುತ್ತದಾ? ಹಾಗಾಗಿ ಅವರ ಹಂತವನ್ನು ಕಥೆಯ ಉದ್ದ ಅಂತ ಓದಿಕೊಳ್ಳಿ. ಕಷ್ಟ ಎಷ್ಟು ಅನ್ನುವುದನ್ನು ನೀವೇ ನೋಡಬೇಕು.

ನೋಡುವುದು ಹೇಗೆ? ಪುಸ್ತಕ ತೆರೆದು ನಡುವಿನ ಒಂದು ಪುಟಕ್ಕೆ ಹೋಗಿ. ಮೊದಲ ಪುಟ ನೋಡಬೇಡಿ, ಅಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ, ಸುಲಭ ಅನ್ನಿಸಿಬಿಡುತ್ತದೆ. ನಡುವಿನ ಪುಟದಲ್ಲಿ ಒತ್ತಕ್ಷರ ಎಣಿಸಿ. ಅಮ್ಮ, ಅಕ್ಕ, ರೊಟ್ಟಿ ಇಂಥ ಸಜಾತೀಯ ಒತ್ತಿದ್ದರೆ ಹೆದರಬೇಡಿ, ದಿನಾ ಬಾಯಲ್ಲಿರುವ ಪದಗಳು, ಮಕ್ಕಳು ಚಿತ್ರ ನೋಡಿ ಊಹಿಸಿ ಓದಿಬಿಡುತ್ತಾರೆ. ಸ್ನೇಹ, ಪ್ರಯಾಣ, ಆಶ್ಚರ್ಯ, ಸ್ವಚ್ಛ ಇಂಥವು ಪುಟಕ್ಕೆ ಎರಡು ಮೂರು ಬಂದವು ಅಂದರೆ ಆ ಪುಸ್ತಕ ಎರಡನೇ ತರಗತಿ ಮಗು ತಾನಾಗಿ ಓದುವುದಲ್ಲ. ಆಮೇಲೆ ಒಂದು ಮಗುವನ್ನು ಕೂರಿಸಿಕೊಂಡು ಒಂದು ಪುಟ ಓದಿಸಿ. ತಡೆದ ಪದಕ್ಕೆ ಒಂದೊಂದು ಬೆರಳು ಮಡಚಲಿ. ಐದು ಬೆರಳು ಮಡಚಿದರೆ ಪುಸ್ತಕ ಕಷ್ಟ ಅನ್ನುವ ವಾಡಿಕೆ ಇದೆ. ಪುಟಕ್ಕೆ ಹತ್ತು ಹನ್ನೆರಡು ಪದ ಇರುವ ನಮ್ಮ ಪುಟ್ಟ ಪುಸ್ತಕಕ್ಕೆ ಐದು ಜಾಸ್ತಿಯಾಯಿತು. ನಾನು ಮೂರಕ್ಕೇ ನಿಲ್ಲಿಸುತ್ತೇನೆ.

ಹಾಗಂತ ಕಷ್ಟದ ಪುಸ್ತಕವನ್ನು ಬಿಸಾಡಬೇಡಿ. ಇಲ್ಲೇ ನಮ್ಮಲ್ಲಿ ಬಹಳ ಜನ ಎಡವುವುದು. ನೀವು ಓದಿ ಹೇಳುವ ಪುಸ್ತಕ ಬೇರೆ, ಮಗು ತಾನೇ ಓದುವ ಪುಸ್ತಕ ಬೇರೆ. ಓದಿ ಹೇಳುವುದಕ್ಕೆ ಎರಡನೇ ಹಂತ, ಮೂರನೇ ಹಂತದ ಕಥೆಯೂ ಆಗುತ್ತದೆ. ಒಂದನೇ ತರಗತಿ ಮಗು ಕಿವಿಯಲ್ಲಿ ಎಂಥ ಕಥೆಯನ್ನಾದರೂ ಹಿಡಿಯುತ್ತದೆ, ಕಣ್ಣಲ್ಲಿ ಹಿಡಿಯಲು ತಡ ಆಗುತ್ತದೆ ಅಷ್ಟೇ. ಮೂರು ರಾತ್ರಿ ಹುಡುಕಿದಿರಲ್ಲ, ಈ ಎರಡು ರಾಶಿ ಮನಸ್ಸಲ್ಲಿ ಇಲ್ಲದೆ ಹುಡುಕಿದ್ದರಿಂದಲೇ ಎಲ್ಲವೂ ಚೆನ್ನಾಗಿ ಕಂಡವು, ಯಾವುದೂ ಕೈಗೆ ಹತ್ತಲಿಲ್ಲ.

ಮುಂದಿನ ಸಲ ಕೂತಾಗ ಒಂದು ಮಗುವನ್ನು ನೆನಪಿಸಿಕೊಂಡು ಹುಡುಕಿ. ಎರಡನೇ ತಟ್ಟೆಯಲ್ಲಿ, ಅಂದರೆ ಎರಡನೇ ಗುಂಪಿನಲ್ಲಿ, ಕೂತು ಕಿಟಕಿ ನೋಡುತ್ತಿರುವ ಆ ಹುಡುಗ ಇದ್ದಾನಲ್ಲ, ಅವನು. ಅವನಿಗೆ ಏನಿಷ್ಟ? ಮೇಕೆನಾ, ಟ್ರ್ಯಾಕ್ಟರಾ, ಜಾತ್ರೆನಾ? ಸೈಟಿನಲ್ಲಿ ಭಾಷೆ ಕನ್ನಡ, ಹಂತ 1 ಅಂತ ಆರಿಸಿ ಹುಡುಕುವ ಜಾಗದಲ್ಲಿ 'ಮೇಕೆ' ಅಂತ ಹೊಡೆಯಿರಿ. ಸಿಗದಿದ್ದರೆ ಪ್ರಾಣಿಗಳ ವಿಭಾಗದೊಳಗೆ ಹೋಗಿ. ಓದುವುದಕ್ಕೆ ಖಾತೆ ಬೇಡ. ಬರೆಯಲು, ಅನುವಾದ ಮಾಡಲು ಬೇಕು, ಇಮೇಲ್ ಇದ್ದರೆ ಸಾಕು. ಡೌನ್‌ಲೋಡ್ ಮಾಡುವಾಗ ಲಾಗಿನ್ ಕೇಳಿದರೆ ಅದೇ ಖಾತೆ ಆಗುತ್ತದೆ. ಒಂದು ತಿಂಗಳಿಗೆ ಐದು ಪುಸ್ತಕ ಸಾಕು. ಮೂರು ನೀವು ಓದಿ ಹೇಳುವುದಕ್ಕೆ, ಎರಡು ಮಕ್ಕಳು ಓದುವುದಕ್ಕೆ. ಐದೇನಾ ಅನ್ನಬೇಡಿ. ಚಿಕ್ಕ ಮಕ್ಕಳು ಅದೇ ಕಥೆಯನ್ನು ಏಳು ಸಲ ಕೇಳುತ್ತಾರೆ, ಎಂಟನೇ ಸಲ ನಿಮಗೇ ಹೇಳಿಕೊಡುತ್ತಾರೆ.

ಇಳಿಸಿಕೊಳ್ಳುವ ಮೊದಲು ಇಡೀ ಪುಸ್ತಕವನ್ನು ಒಮ್ಮೆ ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಗೊತ್ತಾಗುವುದಿಲ್ಲ. ಒಂದು ಸಲ ನಾನು ಮುಂಚೆ ನೋಡದೆ ನೇರ ತರಗತಿಯಲ್ಲೇ ಓದಲು ಕೂತೆ. ಎರಡನೇ ಪುಟದಲ್ಲಿ 'ಶ್ವಾನವು ಬಾಲವನ್ನು ಅಲ್ಲಾಡಿಸಿತು' ಅಂತ ಬಂತು. ಒಬ್ಬ ಹುಡುಗಿ ಚಿತ್ರ ತೋರಿಸಿ, "ಸರ್, ಇದು ನಾಯಿ, ನೀವು ತಪ್ಪು ಓದಿದ್ರಿ" ಅಂದಳು. ಅವಳು ಹೇಳಿದ್ದೇ ಸರಿ. ಅಲ್ಲಿನ ಕನ್ನಡ ಪುಸ್ತಕಗಳಲ್ಲಿ ಕೆಲವು ನುರಿತವರು ಮಾಡಿದ್ದು, ಕಿವಿಗೆ ಇಂಪು. ಇನ್ನು ಕೆಲವು ಒಳ್ಳೆ ಮನಸ್ಸಿನ ಸ್ವಯಂಸೇವಕರು ಇಂಗ್ಲಿಷಿನ ಸಾಲನ್ನೇ ಹಿಡಿದು ತಂದಿದ್ದು. ದಕ್ಷಿಣ ಆಫ್ರಿಕಾದಿಂದ ಬಂದ ಕಥೆಗಳೂ ಅಲ್ಲಿವೆ. ಅಲ್ಲಿನ ಗಂಜಿ, ಕಂಬಳಿ, ದನ ಕಾಯುವ ಹುಡುಗರೆಲ್ಲ ನಮ್ಮ ಮಕ್ಕಳಿಗೆ ಚೆನ್ನಾಗಿಯೇ ಹೊಂದುತ್ತಾರೆ. ಭಾಷೆ ಮಾತ್ರ ಕೆಲವು ಕಡೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಒಂದು ಸಾಲು ಇಟ್ಟುಕೊಂಡು ತೋರಿಸುತ್ತೇನೆ. ಯಾವ ಪುಸ್ತಕದ್ದೂ ಅಲ್ಲ, ನಾನೇ ಕಟ್ಟಿದ್ದು, ಆದರೆ ಇಂಥವು ಸಿಗುತ್ತವೆ. "ತನ್ನ ತಾಯಿಯಿಂದ ಕೊಡಲ್ಪಟ್ಟ ರೊಟ್ಟಿಯನ್ನು ತಿನ್ನುತ್ತಾ ಸೀತಾ ಶಾಲೆಯ ಕಡೆಗೆ ನಡೆಯಲು ಪ್ರಾರಂಭಿಸಿದಳು." ಯಾರ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ಓದಿ ಹೇಳುವಾಗ ನಾನು ಹೀಗೆ ಓದುತ್ತೇನೆ: "ಅವ್ವ ಕೊಟ್ಟ ರೊಟ್ಟಿ ತಿನ್ನುತ್ತಾ ತಿನ್ನುತ್ತಾ ಸೀತಾ ಶಾಲೆ ಕಡೆ ಹೊರಟಳು." ಮಗು ಓದಲಿ ಅನ್ನುವುದಾದರೆ ಇನ್ನೂ ಒಡೆಯುತ್ತೇನೆ. "ಅವ್ವ ರೊಟ್ಟಿ ಕೊಟ್ಟಳು. ಸೀತಾ ತಿಂದಳು. ಶಾಲೆಗೆ ಹೊರಟಳು." ಲ್ಪ ಹೋಯಿತು, ಪ್ರಾ ಹೋಯಿತು. ಉಳಿದದ್ದು ವ್ವ, ಟ್ಟ, ದಿನಾ ಕೇಳುವ ಒತ್ತುಗಳು. ನಿಮ್ಮ ಕಡೆ ಅವ್ವ ಅನ್ನುವುದಾದರೆ ಪುಸ್ತಕದ 'ತಾಯಿ'ಯನ್ನೂ 'ಅಮ್ಮ'ನನ್ನೂ ಅವ್ವ ಮಾಡಿ, ಯಾರನ್ನೂ ಕೇಳಬೇಕಿಲ್ಲ.

ಯಾಕೆ ಕೇಳಬೇಕಿಲ್ಲ ಅನ್ನುವುದೇ ನಿಮ್ಮ ಕಾಪಿರೈಟ್ ಪ್ರಶ್ನೆಗೆ ಉತ್ತರ. ನಾವು ಬಿಟ್ಟಿ ಅನ್ನುವುದನ್ನೂ ಮುಕ್ತ ಅನ್ನುವುದನ್ನೂ ಒಂದೇ ಅಂದುಕೊಳ್ಳುತ್ತೇವೆ. ಮದುವೆ ಊಟ ಬಿಟ್ಟಿ, ಆದರೆ ಅಡುಗೆಮನೆಗೆ ಹೋಗಿ ಸಾರಿಗೆ ಉಪ್ಪು ಹಾಕಿದರೆ ಬೈಯುತ್ತಾರೆ. ನೆಟ್‌ನಲ್ಲಿ ಸಿಗುವ ಬಹಳಷ್ಟು ವಸ್ತು ಅಂಥವು, ನೋಡಬಹುದು, ಮುಟ್ಟುವ ಹಾಗಿಲ್ಲ. ಸ್ಟೋರಿವೀವರ್ ಮುಕ್ತ. ಬೆಂಗಳೂರಿನ ಪ್ರಥಮ್ ಬುಕ್ಸ್ ಅನ್ನುವ ಲಾಭರಹಿತ ಪ್ರಕಾಶನ ಇದನ್ನು ನಡೆಸುತ್ತದೆ. 2004ರಲ್ಲಿ ಹುಟ್ಟಿದ ಪ್ರಕಾಶನ. ಎಷ್ಟೇ ಮುದ್ರಿಸಿದರೂ ಎಲ್ಲ ಭಾಷೆಯ ಎಲ್ಲ ಮಕ್ಕಳಿಗೆ ಒಂದು ಪ್ರಕಾಶನದಿಂದ ಪುಸ್ತಕ ಮುಟ್ಟಿಸಲು ಆಗುವುದಿಲ್ಲ ಅಲ್ವಾ. ಅದಕ್ಕೆ 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನ, ಈ ಸೈಟ್ ತೆರೆದು ಕಥೆಗಳನ್ನೂ ಚಿತ್ರಗಳನ್ನೂ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಬಿಟ್ಟರು. ಸಿಸಿ ಬೈ 4.0 ಅಂತ ಅದರ ಹೆಸರು. ಇಳಿಸಿಕೊಳ್ಳಿ, ಪ್ರಿಂಟ್ ಹಾಕಿ, ಕತ್ತರಿಸಿ, ಬದಲಿಸಿ, ಅನುವಾದ ಮಾಡಿ, ಬೇಕಾದರೆ ಮಾರಿ ಕೂಡ. ಅವರು ಕೇಳುವುದು ಇಷ್ಟೇ: ಬರೆದವರ, ಚಿತ್ರ ಬಿಡಿಸಿದವರ, ಅನುವಾದಿಸಿದವರ ಹೆಸರು ಇರಲಿ, ಲೈಸೆನ್ಸಿನ ಹೆಸರು ಇರಲಿ, ಏನಾದರೂ ಬದಲಿಸಿದ್ದರೆ ಬದಲಿಸಿದ್ದೇನೆ ಅಂತ ಹೇಳಿ.

ಈ ಹೆಸರುಗಳೆಲ್ಲ ಪುಸ್ತಕದ ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತವೆ. ಕಾಗದ ಉಳಿಸೋಣ ಅಂತ ನಾವು ಮೊದಲು ಬಿಡುವುದು ಅದೇ ಪುಟವನ್ನು. ಬಿಡಬೇಡಿ. ಜೊತೆಗೆ, ಯಾವುದೇ ಪುಸ್ತಕದ ಲೈಸೆನ್ಸ್ ಏನು ಅಂತ ಅನುಮಾನ ಬಂದರೆ ನೋಡಬೇಕಾದ್ದೂ ಅಲ್ಲೇ. ನನಗೆ ಗೊತ್ತಿರುವ ಒಬ್ಬರು ಹೀಗೆ ಇಳಿಸಿದ ಪುಸ್ತಕದ ಹೆಸರುಗಳನ್ನು ಅಳಿಸಿ, ತಮ್ಮ ಹೆಸರು ಹಾಕಿ, ಕಲಿಕೋಪಕರಣ ಸ್ಪರ್ಧೆಗೆ ಇಟ್ಟರು. ಬಹುಮಾನವೂ ಬಂತು. ತಾವೇ ಚಿತ್ರ ಬಿಡಿಸಿದ್ದಾ ಅಂತ ಮುಂದಿನ ವರ್ಷ ಮಕ್ಕಳು ಕೇಳಿದಾಗ ಏನು ಹೇಳಿದರೋ.

ಬೇರೆ ಪ್ರಕಾಶಕರ ಮಾಮೂಲಿ ಪುಸ್ತಕದ ಲೆಕ್ಕ ಬೇರೆ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ, ಶಿಕ್ಷಕರು ಪಾಠ ಮಾಡುವ ಸಲುವಾಗಿ ಪ್ರತಿ ಮಾಡಿಕೊಳ್ಳಲು ವಿನಾಯಿತಿ ಇದೆ. ಅದು ನಿಮ್ಮ ತರಗತಿಯ ಪಾಠಕ್ಕೆ. ಇಡೀ ಪುಸ್ತಕದ ಪಿಡಿಎಫ್ ಮಾಡಿ ಜಿಲ್ಲೆಯ ವಾಟ್ಸಾಪ್ ಗುಂಪುಗಳಿಗೆಲ್ಲ ಹರಿಬಿಡುವುದಕ್ಕೆ ಸಿಕ್ಕ ಪರವಾನಗಿ ಅಂದುಕೊಳ್ಳಬೇಡಿ. ಸ್ಟೋರಿವೀವರ್ ಪುಸ್ತಕವನ್ನಾದರೆ ಧಾರಾಳವಾಗಿ ಹರಿಬಿಡಿ. ಹಾಗೆಯೇ ಬೇರೆ ಸೈಟುಗಳಲ್ಲಿ ಲೈಸೆನ್ಸಿನ ಹೆಸರಲ್ಲಿ 'ಎನ್‌ಡಿ' ಅಂತ ಕಂಡರೆ ಬದಲಿಸುವಂತಿಲ್ಲ ಅಂತ, 'ಎನ್‌ಸಿ' ಅಂತ ಕಂಡರೆ ದುಡ್ಡಿನ ವ್ಯವಹಾರಕ್ಕೆ ಬಳಸುವಂತಿಲ್ಲ ಅಂತ. ಇಷ್ಟು ತಿಳಿದರೆ ಸಾಕು.

ಇನ್ನು ಟಿವಿ. ಇದು ನನಗೆ ಬರುವ ಪ್ರಶ್ನೆಗಳಲ್ಲೇ ಅತಿ ಜಾಸ್ತಿ ಬರುವುದು. ಬಹಳಷ್ಟು ಟಿವಿಗಳಿಗೆ ಪಿಡಿಎಫ್ ಓದಲು ಬರುವುದಿಲ್ಲ, ಆದರೆ ಫೋಟೋ ತೋರಿಸಲು ಬರುತ್ತದೆ. ಹಾಗಾಗಿ ಪುಸ್ತಕವನ್ನು ಫೋಟೋ ಮಾಡಿ. ಮನೆಯಲ್ಲಿ ನೆಟ್ ಇರುವಾಗ ಫೋನನ್ನು ಅಡ್ಡ ಹಿಡಿದು ಪುಸ್ತಕ ತೆರೆದು ಒಂದೊಂದು ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ಹದಿನೈದು ಪುಟಕ್ಕೆ ಐದು ನಿಮಿಷ. ಸೈಟಿನಲ್ಲಿ ಚಿತ್ರಗಳನ್ನೇ ಇಳಿಸುವ ದಾರಿಯೂ ಇದೆ, ಆದರೆ ಅದರಲ್ಲಿ ಚಿತ್ರದ ಜೊತೆ ಅಕ್ಷರ ಬರುವುದಿಲ್ಲ. ಫೈಲುಗಳಿಗೆ 01, 02, 03 ಅಂತ ಹೆಸರಿಡಿ. ಬರೀ 1, 2, 3 ಅಂತ ಇಟ್ಟರೆ ಕೆಲವು ಟಿವಿ ಒಂದರ ಹಿಂದೆ ಹತ್ತು, ಹನ್ನೊಂದು ತೋರಿಸಿ ಆಮೇಲೆ ಎರಡಕ್ಕೆ ಬರುತ್ತದೆ. ಮೇಕೆ ಕಳೆದುಹೋಗುವ ಮೊದಲೇ ಸಿಕ್ಕಿಬಿಡುತ್ತದೆ, ಮಕ್ಕಳು ನಗುತ್ತಾರೆ. ಪೆನ್‌ಡ್ರೈವನ್ನೇ ಟಿವಿ ಗುರುತಿಸದಿದ್ದರೆ ಅದನ್ನು ಕಂಪ್ಯೂಟರಿನಲ್ಲಿ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ ನೋಡಿ. ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಟಿವಿಯಲ್ಲಿ ಫೋಟೋ ತಾನಾಗಿ ಸರಿಯುವ ಸ್ಲೈಡ್‌ಶೋ ಇದ್ದರೆ ನಿಲ್ಲಿಸಿ. ಪುಟ ತಿರುಗಿಸುವ ಕೆಲಸ ನಿಮ್ಮ ಕೈಯಲ್ಲೇ ಇರಬೇಕು.

ಧ್ವನಿ ಇರುವ, ಓದುತ್ತಾ ಪದ ಬೆಳಗುವ ಪುಸ್ತಕಗಳೂ ಆ ಸೈಟಿನಲ್ಲಿವೆ. ನನಗೆ ಅವು ಅಷ್ಟಾಗಿ ಹಿಡಿಸುವುದಿಲ್ಲ. ನೀವು ತರಗತಿಯಲ್ಲೇ ಇರುವಾಗ ಟಿವಿ ಯಾಕೆ ಓದಬೇಕು? ಮಳೆಗಾಲದಲ್ಲಿ ಗಂಟಲು ಕಟ್ಟಿದ ದಿನ ಉಪಯೋಗಕ್ಕೆ ಬರಬಹುದು.

ಪ್ರಿಂಟಿನ ವಿಷಯ. ಎ4 ಹಾಳೆ ಮಡಚಿದರೆ ನಾಲ್ಕು ಪುಟ, ನಾಲ್ಕು ಹಾಳೆಗೆ ಹದಿನಾರು. ಹೊಸಪೇಟೆಯ ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ 'ಬುಕ್‌ಲೆಟ್' ಅಂದರೆ ಹೀಗೆ ಜೋಡಿಸಿ ಕೊಡುತ್ತಾರೆ. ನಡುವೆ ಎರಡು ಪಿನ್ನು. ಬಣ್ಣದ ಪ್ರಿಂಟ್ ಕೈಗೆಟುಕುವುದಿಲ್ಲ ಅಂದರೆ ಆರಿಸುವಾಗಲೇ ಚಿತ್ರ ನೋಡಿ ಆರಿಸಿ. ರಾತ್ರಿ ಕಾಡು, ನೀರಿನಾಳ ಇಂಥ ಕಡುಬಣ್ಣದ ಪುಟ ಕಪ್ಪು-ಬಿಳುಪಿನಲ್ಲಿ ಕಾಡಿಗೆ ಬಳಿದ ಹಾಗೆ ಬರುತ್ತದೆ. ಗೆರೆಯ ಚಿತ್ರ, ಬಿಳಿ ಹಿನ್ನೆಲೆ ಇರುವುದು ಚೆನ್ನಾಗಿ ಬರುತ್ತದೆ, ಮಕ್ಕಳು ಬಣ್ಣ ತುಂಬಿಕೊಳ್ಳಬಹುದು. ಮಾತು ಬದಲಿಸಬೇಕು ಅನ್ನಿಸಿದರೆ ಸುಮ್ನೆ ಬಿಳಿ ಚೀಟಿಯಲ್ಲಿ ದೊಡ್ಡದಾಗಿ ಬರೆದು ಹಳೆ ಸಾಲಿನ ಮೇಲೆ ಅಂಟಿಸಿ. ಸೈಟಿನಲ್ಲೇ ಪುಸ್ತಕದ ಹಂತ ಇಳಿಸಿ ಹೊಸ ಆವೃತ್ತಿ ಮಾಡುವ ಅನುಕೂಲ ಇದೆ, ಮೂಲ ಪುಸ್ತಕ ಹಾಗೇ ಇರುತ್ತದೆ. ಆದರೆ ಮೊದಲು ಚೀಟಿ ಅಂಟಿಸಿ ಒಂದು ತಿಂಗಳು ಮಕ್ಕಳ ಕೈಯಲ್ಲಿ ಓಡಾಡಲಿ. ಯಾವ ಸಾಲು ನಿಂತಿತು, ಯಾವುದು ಬಿತ್ತು ಅಂತ ಗೊತ್ತಾದ ಮೇಲೆ ಸೈಟಿಗೆ ಹಾಕಿದರೆ ಬೇರೆ ಊರಿನ ಟೀಚರಿಗೂ ನಿಮ್ಮ ಕೆಲಸ ಸಿಗುತ್ತದೆ.

ಈಗ ರ ಗ ಸ ದ ಅ ಮತ್ತು ಜ ವ ಮ ಬ ನ ಮುಗಿಸಿದ ಮಕ್ಕಳು. ಇವರಿಗೆ ತಕ್ಕ ಪುಸ್ತಕ ಅಲ್ಲಿ ಹುಡುಕಿ ಸಮಯ ಕಳೆಯಬೇಡಿ, ನೀವೇ ಮಾಡಿ. ಆ ಸೈಟಿನಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದರ ಚಿತ್ರಭಂಡಾರ. ಪುಸ್ತಕಗಳಿಗೆ ಬಿಡಿಸಿದ ಚಿತ್ರಗಳನ್ನು ಬಿಡಿಬಿಡಿಯಾಗಿಯೂ ಬಳಸಬಹುದು. ಆನೆ, ದನ, ಮರ ಅಂತ ಹುಡುಕಿ, ಒಂದೊಂದು ಪುಟಕ್ಕೆ ಒಂದೊಂದು ಇಟ್ಟು, ಕೆಳಗೆ ಹೀಗೆ ಬರೆಯಿರಿ: ಅರಸನ ಗಜ. ಬಸವನ ದನ. ಬನದ ಮರ. ಕೊನೆಯ ಪುಟದಲ್ಲಿ ಎಲ್ಲರೂ ಇರುವ ಒಂದು ಚಿತ್ರ ಸಿಕ್ಕರೆ: ಗಜ, ದನ, ಮರ, ಜನ. ಈ ಸಾಲುಗಳಲ್ಲಿ ಹತ್ತು ಅಕ್ಷರದ ಆಚೆಗಿನದ್ದು ಒಂದೂ ಇಲ್ಲ, ನೋಡಿ ಬೇಕಾದರೆ. ಕಥೆ ಎಲ್ಲಿದೆ ಅಂತ ಕೇಳುತ್ತೀರಿ. ಕಥೆ ಮಕ್ಕಳು ಹೇಳುತ್ತಾರೆ, ಬಸವನ ದನ ಅರಸನ ಗಜವನ್ನು ನೋಡಿ ಏನು ಮಾಡಿತು ಅಂತ ಕೇಳಿ ಸಾಕು. ಆದರೆ ಅಕ್ಷರ ಕಲಿತು ಎರಡೇ ತಿಂಗಳಾದ ಮಗು ಒಂದು ಇಡೀ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ತಾನೇ ಓದಿ ಮುಗಿಸಿರುತ್ತದೆ. ಆ ಮುಖ ನೋಡಬೇಕು ನೀವು. ತರಗತಿಯಲ್ಲಿ ದಾರ ಕಟ್ಟಿ ಮಾಡಿದ ಚಪ್ಪರಕ್ಕೆ ನೇತುಹಾಕಿ, ದಿನಾ ಹತ್ತಿ ಇಳಿಸಿ ಓದುತ್ತಾರೆ.

ಒಂದು ಎಚ್ಚರ. ಸೈಟಿಗೆ ನಿಮ್ಮ ಸ್ವಂತ ಚಿತ್ರ ಏರಿಸಬಹುದು, ಆದರೆ ಏರಿಸಿ ಪ್ರಕಟಿಸಿದ್ದೆಲ್ಲ ಅದೇ ಮುಕ್ತ ಲೈಸೆನ್ಸಿಗೆ ಸೇರುತ್ತದೆ. ಗೂಗಲ್‌ನಲ್ಲಿ ಸಿಕ್ಕ ಚಿತ್ರ ಏರಿಸಬೇಡಿ, ಅದು ನಿಮ್ಮದಲ್ಲ. ಮಕ್ಕಳ ಮುಖ ಕಾಣುವ ಫೋಟೋ ಬೇಡವೇ ಬೇಡ.

ತಾಂಡಾದ ಮಕ್ಕಳ ವಿಷಯಕ್ಕೆ ಬರುತ್ತೇನೆ. ನೀವು ಇದನ್ನು ಪ್ರಶ್ನೆಯ ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ಆದರೆ ನಿಮ್ಮ ತರಗತಿಯ ಮುಖ್ಯ ವಿಷಯ ಅದೇ ಅಂತ ನನಗನ್ನಿಸುತ್ತದೆ. ಆ ಮಕ್ಕಳು ತಡವರಿಸುವುದು ಎರಡು ಕಡೆ. ಅಕ್ಷರ ಒಂದು, ಮಾತು ಇನ್ನೊಂದು. 'ಹೊಸ್ತಿಲು' ಅಂತ ಓದಿದರೂ ಹೊಸ್ತಿಲು ಅಂದರೆ ಏನು ಅಂತ ಹೊಳೆಯದಿದ್ದರೆ ಓದಿ ಏನು ಬಂತು? ಹಾಗಾಗಿ ಕಥೆ ಓದುವ ಮೊದಲು ಅಕ್ಷರದ ಭಾಗ ಮುಚ್ಚಿ ಬರೀ ಚಿತ್ರ ತೋರಿಸುತ್ತಾ ಹೋಗಿ. ಏನು ಕಾಣುತ್ತದೆ ಅಂತ ಅವರ ಮಾತಿನಲ್ಲೇ ಹೇಳಲಿ. ನಿಮಗೆ ಅರ್ಥ ಆಗದಿದ್ದರೆ ಇನ್ನೂ ಒಳ್ಳೆಯದು, ಮೂರನೇ ತರಗತಿ ಮಗು ನಿಮಗೆ ಹೇಳಿಕೊಡುತ್ತದೆ. ಆಮೇಲೆ ಕನ್ನಡದಲ್ಲಿ ಓದಿ.

ಎರಡು ಮೂರು ಕಥೆ ಹೀಗೆ ಆದ ಮೇಲೆ, ಮಕ್ಕಳಿಗೆ ಬಾಯಿಗೆ ಬಂದ ಒಂದು ಪುಸ್ತಕ ಆರಿಸಿ ಒಬ್ಬ ತಾಯಿಯನ್ನು ಶಾಲೆಗೆ ಕರೆಯಿರಿ. ನೀವು ಕನ್ನಡ ಸಾಲು ಓದಿ, ಅವರು ಲಂಬಾಣಿಯಲ್ಲಿ ಹೇಳಲಿ. ನೀವು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಅದನ್ನು ಚೀಟಿಯಲ್ಲಿ ಬರೆದು ಕನ್ನಡ ಸಾಲಿನ ಮೇಲ್ಗಡೆ ಅಂಟಿಸಿ, ಕನ್ನಡ ಹಾಗೇ ಕೆಳಗಿರಲಿ. ಅಮ್ಮ ಇದ್ದ ಕಡೆ 'ಯಾಡಿ' ಅಂತ ಕಾಣುತ್ತದೆ. ತನ್ನ ಮನೆಯ ಪದ ಅಚ್ಚಿನ ಪುಸ್ತಕದ ಒಳಗೆ ಇರಬಹುದು ಅನ್ನುವುದು ಆ ಮಗುವಿಗೆ ಅಲ್ಲಿ ತನಕ ಗೊತ್ತೇ ಇರುವುದಿಲ್ಲ. ಕೆಲವು ಉಚ್ಚಾರಣೆ ನಮ್ಮ ಅಕ್ಷರದಲ್ಲಿ ಸರಿಯಾಗಿ ಕೂರುವುದಿಲ್ಲ, ಕೂರದಿದ್ದರೆ ಬೇಡ, ಆ ತಾಯಿ ಒಪ್ಪಿದ ಹಾಗೆ ಬರೆಯಿರಿ. ಸೈಟಿನ ಅನುವಾದದ ಜಾಗದಲ್ಲೂ ಇದನ್ನೇ ಮಾಡಬಹುದು. ಮೂಲ ಸಾಲು ಕಣ್ಣೆದುರು ಇರುತ್ತದೆ, ಚಿತ್ರ ಹಾಗೇ ಇರುತ್ತದೆ, ನೀವು ಹೊಸ ಸಾಲು ಹೊಡೆಯಬೇಕು ಅಷ್ಟೇ.

ಹೀಗೆ ಕರೆದಾಗ ಅಜ್ಜಿಯರು ಸಾಮಾನ್ಯವಾಗಿ ಪುಸ್ತಕದ ಕಥೆ ಬಿಟ್ಟು ತಮ್ಮದೇ ಕಥೆ ಶುರುಮಾಡುತ್ತಾರೆ. ಕೇಳಿ, ಬರೆದುಕೊಳ್ಳಿ. ಆದರೆ ಆ ಕಥೆ ಸೈಟಿಗೆ ಹಾಕಬೇಕು ಅನ್ನಿಸಿದರೆ ಮೊದಲು ಅವರಿಗೆ ಬಿಡಿಸಿ ಹೇಳಿ. ಒಮ್ಮೆ ಹಾಕಿದರೆ ಜಗತ್ತಿನಲ್ಲಿ ಯಾರು ಬೇಕಾದರೂ ಬದಲಿಸಬಹುದು, ಮಾರಲೂಬಹುದು ಅಂತ. ಒಪ್ಪಿದರೆ ಕಥೆ ಹೇಳಿದವರು ಅಂತ ಅವರ ಹೆಸರೇ ಇರಲಿ, ನಿಮ್ಮದು ಬರೆದುಕೊಂಡವರ ಜಾಗದಲ್ಲಿ. ಒಪ್ಪದಿದ್ದರೆ ಕಥೆ ಶಾಲೆಯ ಚಪ್ಪರದಲ್ಲೇ ಇರಲಿ.

ಬೇರೆ ಸೈಟುಗಳ ಬಗ್ಗೆ ಕೇಳಿಲ್ಲ, ಆದರೂ ಸಭೆಯಲ್ಲಿ ಹೆಸರು ಕೇಳಿರುತ್ತೀರಿ. ಸರ್ಕಾರದ ದೀಕ್ಷಾ 2017ರಿಂದ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದರೆ ಪಾಠಕ್ಕೆ ಸಂಬಂಧಿಸಿದ್ದು ಬರುತ್ತದೆ. ನಾಲ್ಕು, ಐದನೇ ತರಗತಿ ನೋಡುವ ನಿಮ್ಮ ಸಹೋದ್ಯೋಗಿಗೆ ಉಪಯೋಗ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅನ್ನುವ ವಿಕಿ ಜಾಸ್ತಿ ಹೈಸ್ಕೂಲ್ ವಿಷಯ ಶಿಕ್ಷಕರದ್ದು. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೇ ಮಾಡಿ ನೋಡುವ ಪ್ರಯೋಗಗಳು, ವಿಜ್ಞಾನ, ಗಣಿತಕ್ಕೆ ಬಹಳ ಚೆಂದ, ಆದರೆ ನಲಿ-ಕಲಿಗೆ ಅವಸರವಿಲ್ಲ. ಈ ವರ್ಷ ಒಂದೇ ಸೈಟ್ ಹಿಡಿದುಕೊಳ್ಳಿ.

ಕೊನೆಗೊಂದು ನೋಟ್‌ಬುಕ್ ಇಡಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ಏನು ಮಾಡಿದಿರಿ ಅಂತ ಕೇಳಿದರೆ ತೋರಿಸಲು ಆಗುತ್ತದೆ, ಜಾಸ್ತಿ ಉಪಯೋಗ ನಿಮಗೇ. ಉದ್ದ ಬರೆಯಬೇಡಿ. ನನ್ನ ಹಳೆ ನೋಟ್‌ಬುಕ್ಕಿನ ಒಂದು ದಿನ ಹೀಗಿದೆ: "ಪುಟ 4, 'ಸಂತೆ' ಎಲ್ಲರಿಗೂ ಬಂತು. ಪುಟ 6, 'ಪ್ರಯಾಣ' ನಾಲ್ಕು ಜನ ನಿಂತರು, 'ಹೋದರು' ಅಂತ ಚೀಟಿ ಹಾಕಿದೆ. ಪುಟ 9ರ ಕೋಳಿ ಎಲ್ಲರಿಗೂ ಇಷ್ಟ. ನಾಳೆ ಕೋಳಿ ಇರುವ ಇನ್ನೊಂದು ಪುಸ್ತಕ ಹುಡುಕಬೇಕು."